ಬಿದ್ದ ಕೂಡಲೇ ಅತ್ತಳೇ?

ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ಮೂರೇ ಸಾಲುಗಳಿವೆ. ಮಗು ಹೊಲದಲ್ಲಿ ಬಿದ್ದಳು, ಹುಬ್ಬಿನ ಮೇಲೆ ಎರಡು ಹೊಲಿಗೆ ಹಾಕಿದರು, ಸಂಜೆ ಮನೆಗೆ ಬಂದೆವು. ಅಷ್ಟೇ. ತಂಬಾಕಿನ ಮಾತು ಅಲ್ಲಿಲ್ಲ. ಬರೆಯುವಾಗ ದಣಿದಿದ್ದೆ ಎಂದು ಈಗ ಹೇಳಬಹುದು. ಆದರೆ ಅದೇ ಪುಟದ ಕೆಳಗೆ ಕಾಲೇಜಿನ ಉತ್ತರಪತ್ರಿಕೆಗಳ ತಕರಾರಿನ ಬಗ್ಗೆ ಹನ್ನೊಂದು ಸಾಲು ಬರೆದಿದ್ದೇನೆ. ಹಾಗಾಗಿ ದಣಿವಿನ ನೆಪ ನಡೆಯುವುದಿಲ್ಲ. ಎರಡು ವರ್ಷ ಕಳೆದ ಮೇಲೆ, ಅಂದು ಬಿಟ್ಟಿದ್ದನ್ನು ಬರೆಯಲು ಕೂತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಮಗು ನನ್ನ ತಮ್ಮನ ಮಗಳು. ಆಗ ಅವಳಿಗೆ ನಾಲ್ಕು ವರ್ಷ. ತಮ್ಮ ಕಬ್ಬಿನ ಲೋಡಿನ ಜೊತೆ ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗಿದ್ದ. ಸರದಿ ಬಂದು ಗಾಡಿ ಖಾಲಿಯಾಗುವ ತನಕ ಅವನ ಫೋನು ಇದ್ದೂ ಇಲ್ಲದ ಹಾಗೆ. ಅವನ ಹೆಂಡತಿ, ಮಗಳನ್ನು ಶಾಲೆಗೆ ಸೇರಿಸಲು ಬೇಕಾದ ಕಾಗದ ಮಾಡಿಸಲು ಚಿಕ್ಕೋಡಿಗೆ ಹೊರಟಿದ್ದಳು. ನನಗೆ ರಜೆ ಇತ್ತು. ಬಸ್ ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: ಮಗುವನ್ನು ಹೊಲಕ್ಕೆ ಮಾತ್ರ ಕರೆದುಕೊಂಡು ಹೋಗಬೇಡಿ, ಬಿಸಿಲು. ನಾನು ಹೂಂ ಎಂದೆ. ಒಂದು ತಾಸು ಕಳೆಯುವುದರೊಳಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಕೂತು ಮಗುವಿಗೆ ಬೇಸರ ಬಂದಿತ್ತು. ಅವಳಿಗಿಂತ ಹೆಚ್ಚು ನನಗೆ ಬಂದಿತ್ತು.

ಬೇಡಕಿಹಾಳದ ರಸ್ತೆಗೆ ಹೊಂದಿಕೊಂಡು ನಮ್ಮ ತಂಬಾಕಿನ ಹೊಲವಿದೆ. ಅದು ಕೊಯ್ಲು ಮುಗಿದ ಸಮಯ. ನೆಲದ ಮೇಲೆ ಹರವಿ ಒಣಗಿಸಿದ ಗಿಡಗಳನ್ನು ಹೆಂಗಸರು ಕೋಲಿನಿಂದ ಬಡಿದು, ಎಲೆ ಪುಡಿಯಾದ ಮೇಲೆ ಕಡ್ಡಿಯನ್ನು ಆರಿಸಿ ತೆಗೆಯುತ್ತಿದ್ದರು. ಎಲ್ಲರ ಮೂಗು ಬಾಯಿಗೂ ಸೆರಗು. ಅವರಲ್ಲಿ ಹಿರಿಯಳು ನಮ್ಮ ಹೊಲಕ್ಕೆ ಹದಿನೈದು ವರ್ಷದಿಂದ ಬರುತ್ತಿರುವವಳು. ನನ್ನನ್ನು ಕಾಲೇಜಿನಲ್ಲಿ ನಾನು ಕಲಿಸುವ ಹುಡುಗರು ಕರೆಯುವ ಹಾಗೆ ಬಾಯಾರ ಎನ್ನುತ್ತಾಳೆ, ಆದರೆ ಬೈಯುವುದಾದರೆ ಮಗಳಿಗೆ ಬೈದಂತೆ ಬೈಯುತ್ತಾಳೆ. ಅಂದು ಕಂಡ ಕೂಡಲೇ, ಈ ಘಾಟಿನಲ್ಲಿ ಕೂಸನ್ನು ಯಾಕೆ ತಂದಿರಿ ಎಂದು ಕೇಳಿದಳು. ನಾನು ಬದುವಿನ ಕಡೆ ಬೇವಿನ ನೆರಳು ತೋರಿಸಿದೆ. ಅಲ್ಲಿ ಟ್ರ್ಯಾಕ್ಟರಿನಿಂದ ಬಿಡಿಸಿ ನಿಲ್ಲಿಸಿದ ಟ್ರಾಲಿ ಇತ್ತು. ಅದರ ಮುಂದೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕಬ್ಬಿಣದ ದಾಂಡಿಗೆ ಆಸರೆಯಾಗಿ ಒಂದು ಕಲ್ಲು ಕೊಟ್ಟಿದ್ದರು. ಮಗು ಆ ದಾಂಡಿಯ ಮೇಲೆ ಎರಡೂ ಕೈ ಚಾಚಿ ನಡೆಯುವ ಆಟ ಹೂಡಿದಳು. ಮೊದಲ ಎರಡು ಸಲ ನಾನು ಕೈ ಹಿಡಿದೆ. ಆಮೇಲೆ ಫೋನಿಗೆ ಏನೋ ಬಂತು, ಉತ್ತರಪತ್ರಿಕೆಗಳ ವಿಷಯ. ಓದುತ್ತ ಬಿಸಿಲಿನ ಕಡೆ ಬೆನ್ನು ಮಾಡಿ ನಿಂತೆ. ಟ್ರಾಲಿಯ ಕಡೆಗೂ ಬೆನ್ನಾಯಿತು.

ಚೀರಿದ್ದು ಕೇಳಿ ತಿರುಗಿದೆ. ನನಗೆ ನೆನಪಿರುವುದು ಅಲ್ಲಿಂದ. ಮಗು ಕಲ್ಲಿನ ಪಕ್ಕ ಬೋರಲು ಬಿದ್ದಿದ್ದಳು, ಎತ್ತಿದಾಗ ಬಲಗಡೆಯ ಹುಬ್ಬಿನ ಮೇಲಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಹಣೆಯ ಗಾಯ ಸಣ್ಣದಾದರೂ ರಕ್ತ ಜಾಸ್ತಿ ಎಂದು ಆಮೇಲೆ ಡಾಕ್ಟರು ಹೇಳಿದರು. ಆಗ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ನನ್ನ ಓಢಣಿ ಒದ್ದೆಯಾಯಿತು, ಮಗುವಿನ ಕುತ್ತಿಗೆ ಒದ್ದೆಯಾಯಿತು. ಹಿರಿಯಳು ಓಡಿ ಬಂದಳು.

ತಂಬಾಕಿನ ಹೊಲದಲ್ಲಿ ಗಾಯವಾದರೆ ನಮ್ಮ ಕಡೆ ಯಾರೂ ಯೋಚನೆ ಮಾಡುತ್ತ ಕೂಡುವುದಿಲ್ಲ. ಒಂದು ಚಿಮಟಿ ಪುಡಿ ಒತ್ತಿದರೆ ರಕ್ತ ನಿಲ್ಲುತ್ತದೆ. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಕುಡಗೋಲು ತಾಗಿ ಹಿಮ್ಮಡಿ ಸೀಳಿತ್ತು. ಅಪ್ಪ ಹಾಗೇ ಮಾಡಿದ್ದರು, ಉರಿಯಿತು, ನಿಂತಿತು. ಇದೇ ಹೊಲದಲ್ಲಿ ಇನ್ನೊಂದನ್ನೂ ನೋಡುತ್ತ ಬೆಳೆದಿದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ತಂಬಾಕು ಏರುತ್ತದೆ. ಮೈ ಬೆವರುತ್ತದೆ, ಬಾಯಲ್ಲಿ ನೀರು ತುಂಬುತ್ತದೆ, ಬದುವಿನ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಾರೆ, ಹಳಬರು ನಗುತ್ತಾರೆ. ಈ ಎರಡೂ ವಿಷಯ ನನ್ನ ತಲೆಯಲ್ಲಿ ಎರಡು ಬೇರೆ ಮೂಲೆಯಲ್ಲಿದ್ದವು, ಒಂದರ ಮುಖ ಇನ್ನೊಂದು ನೋಡಿರಲಿಲ್ಲ.

ನನ್ನ ನೆನಪಿನ ಪ್ರಕಾರ ಹಿರಿಯಳು ಸೆರಗಿನಲ್ಲಿ ಪುಡಿ ತಂದು ಮುಂದೆ ಹಿಡಿದಳು, ನಾನು ತೆಗೆದುಕೊಂಡು ಗಾಯದ ಮೇಲೆ ಒತ್ತಿದೆ. ರಕ್ತ ಪುಡಿಯನ್ನು ತೋಯಿಸಿ ಹೊರಬಂದಾಗ ಇನ್ನೊಂದಿಷ್ಟು ಒತ್ತಿದೆ. ಮಗು ಉರಿ ತಾಳದೆ ನನ್ನ ಕೈ ಕಚ್ಚಿದಳು. ಆಮೇಲೆ ರಕ್ತ ನಿಂತಿತು. ಓಢಣಿಯ ಅಂಚು ಹರಿದು ಕಟ್ಟಿದೆ. ನೆರಳಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮನಿಗೆ ಹೇಳಬಾರದು ಎಂದು ನಾನು ಅವಳಿಗೆ ಹೇಳಿದೆನೇ? ಹೇಳಿರಬಹುದು. ಹೇಳಿಲ್ಲ ಎಂದು ಆಣೆ ಮಾಡಲಾರೆ.

ಅರ್ಧ ತಾಸು ಆಗಿರಬೇಕು. ಮಗುವಿನ ತುಟಿ ಬಿಳಚಿಕೊಂಡಿತು. ಮೈ ತಣ್ಣಗಾಗಿ ಬೆವರಿತು. ಬಾಯಿಯಿಂದ ಜೊಲ್ಲು ಸುರಿಯತೊಡಗಿತು, ಆಮೇಲೆ ಬೆಳಗಿನ ಹಾಲು ಅವಲಕ್ಕಿಯೆಲ್ಲ ನನ್ನ ಮಡಿಲಿಗೆ ಬಂತು. ತಲೆಗೆ ಪೆಟ್ಟು ಬಿದ್ದವರು ವಾಂತಿ ಮಾಡಿದರೆ ಏನರ್ಥ ಎಂಬುದು ಮೊಬೈಲ್ ಇರುವ ಎಲ್ಲರಿಗೂ ಗೊತ್ತು. ಆ ಒಂದು ಅರ್ಥವನ್ನು ಬಿಟ್ಟು ಬೇರೇನೂ ನನಗೆ ಹೊಳೆಯಲಿಲ್ಲ.

ಪಂಪಿನ ನೀರಿನಲ್ಲಿ ಅವಳ ಮುಖ ತೊಳೆದೆ. ಕಟ್ಟು ಬಿಚ್ಚಿ ಗಾಯದ ಸುತ್ತಲೂ ತೊಳೆದೆ, ಹೊಸ ಬಟ್ಟೆ ಕಟ್ಟಿದೆ. ವಾಂತಿಯಾಗಿ ಮುಖ ಹೊಲಸಾಗಿತ್ತು, ಅದಕ್ಕೆ ತೊಳೆದೆ ಎಂದು ಅಂದು ನನಗೇ ಹೇಳಿಕೊಂಡೆ. ಆದರೆ ಹುಬ್ಬಿನ ಮೇಲೆ ಮೆತ್ತಿದ್ದ ಕಂದು ಬಣ್ಣ ಹೋಗುವಷ್ಟು ತೊಳೆಯುವ ಕಾರಣವಿರಲಿಲ್ಲ. ಒಳಗೆ ಹೊಕ್ಕಿದ್ದು ಒಳಗೇ ಉಳಿಯಿತು. ಮೇಲಿನದು ಕಾಣದ ಹಾಗಾಯಿತು. ಮಗುವನ್ನು ಸ್ಕೂಟಿಯ ಮೇಲೆ ನನ್ನ ಎದುರಿಗೆ ಕೂರಿಸಿ, ಉಳಿದ ಓಢಣಿಯಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಅವಳ ತಲೆ ನನ್ನ ಎದೆಗೆ ಒರಗುತ್ತಿತ್ತು. ಮಲಗಬೇಡ ಪುಟ್ಟಾ, ಮಲಗಬೇಡ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ತಮ್ಮನ ಹೆಂಡತಿಗೆ ದಾರಿಯಲ್ಲೇ ಗಾಡಿ ನಿಲ್ಲಿಸಿ ಫೋನು ಮಾಡಿದೆ. ಬಿದ್ದಳು, ದವಾಖಾನೆಗೆ ಹೋಗುತ್ತಿದ್ದೇನೆ ಎಂದೆ. ಎಲ್ಲಿ ಬಿದ್ದಳು ಎಂದು ಅವಳು ಕೇಳುವಷ್ಟರಲ್ಲಿ ಫೋನು ಇಟ್ಟೆ.

ದವಾಖಾನೆ ಎಂದರೆ ಎರಡು ಮಂಚ, ಒಂದು ಬೆಂಚು. ಡಾಕ್ಟರು ಚಿಕ್ಕ ವಯಸ್ಸಿನವರು, ಅಥಣಿ ಕಡೆಯವರು. ಗಾಯ ನೋಡಿ, ಮಣ್ಣು ಹೊಕ್ಕಿದೆ, ಆಮೇಲೆ ತೊಳೆಯೋಣ ಎಂದು ಬ್ಯಾಂಡೇಜ್ ಬಟ್ಟೆ ಇಟ್ಟರು. ಅವರ ಗಮನವೆಲ್ಲ ವಾಂತಿಯ ಮೇಲೆ. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಕೈಕಾಲು ಆಡಿಸಿ ನೋಡಿದರು. ಮತ್ತೆ ಮತ್ತೆ ನಾಡಿ ಹಿಡಿದರು. ಎಷ್ಟು ಎತ್ತರದಿಂದ ಬಿದ್ದಳು, ಯಾವುದಕ್ಕೆ ತಾಗಿತು ಎಂದೆಲ್ಲ ಕೇಳಿ, ಕೊನೆಗೆ ಪೆನ್ನು ಕೈಯಲ್ಲಿ ಹಿಡಿದು ಕೇಳಿದರು:

"ಬಿದ್ದ ಕೂಡ್ಲೆ ಅತ್ತಳೇನ್ರಿ ಮೇಡಂ? ಏನ್ ಸ್ವಲ್ಪ ಹೊತ್ತ ಸುಮ್ನಿದ್ದು ಆಮ್ಯಾಗ ಅತ್ತಳು?"

"ಕೂಡ್ಲೆ ಅತ್ಳರಿ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ನಾನು ಇತಿಹಾಸ ಕಲಿಸುವವಳು. ಬರೆದಿಟ್ಟವನು ಅಲ್ಲಿ ಇದ್ದನೇ, ಇದ್ದರೆ ಯಾವ ಕಡೆ ನೋಡುತ್ತಿದ್ದ ಎಂದು ಕೇಳಿರಿ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಬೀಳುವುದಕ್ಕೂ ಚೀರುವುದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಎಂಬುದು ನನಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಡಾಕ್ಟರು ನನ್ನ ಮಾತನ್ನು ಬರೆದುಕೊಂಡರು. ಬರೆದ ಮೇಲೆ ಅದು ಇನ್ನಷ್ಟು ನಿಜವಾದಂತೆ ಕಂಡಿತು.

ಮಗು ಎರಡನೆಯ ಸಲ ವಾಂತಿ ಮಾಡಿದ ಹೊತ್ತಿಗೆ ತಮ್ಮನ ಹೆಂಡತಿ ಬಂದಳು. ಬಸ್ಸಿಗೆ ಕಾಯದೆ ಯಾರದೋ ಜೀಪು ಹತ್ತಿ ಬಂದಿದ್ದಳು. ಕಾಗದದ ಚೀಲ ಇನ್ನೂ ಕಂಕುಳಲ್ಲೇ ಇತ್ತು. ಮಗುವಿನ ಅಂಗಿಯ ಮೇಲೆ ಅಂಟಿದ್ದ ತಂಬಾಕಿನ ಚೂರು ಒಂದನ್ನು ತೆಗೆದು, ನೋಡಿ, ಕೆಳಗೆ ಬಿಟ್ಟಳು. ಹೊಲಕ್ಕೆ ಹೋಗಿದ್ದಿರಾ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಡಾಕ್ಟರು ಅವಳಿಗೆ ಹೇಳಿದರು: ಎರಡು ಸಲ ವಾಂತಿಯಾಗಿದೆ, ಮಗು ಮಂಕಾಗಿದೆ. ನಾನು ಇಲ್ಲಿ ಇಟ್ಟುಕೊಳ್ಳುವುದಿಲ್ಲ, ಮಿರಜಕ್ಕೆ ಕರೆದುಕೊಂಡು ಹೋಗಿ, ಸ್ಕ್ಯಾನ್ ಮಾಡಿಸಿ, ಚೀಟಿ ಕೊಡುತ್ತೇನೆ. ಅವಳು ಸರಿ ಎಂದು ತಲೆಯಾಡಿಸಿ ಗಂಡನಿಗೆ ಫೋನು ಹಚ್ಚಿದಳು. ಹತ್ತಲಿಲ್ಲ. ಮತ್ತೆ ಹಚ್ಚಿದಳು. ಡಾಕ್ಟರು ಬರೆಯುತ್ತ ಬರೆಯುತ್ತ ತಮ್ಮಷ್ಟಕ್ಕೆ ಎಂಬಂತೆ, ಬಾಯಲ್ಲಿ ಇಷ್ಟೊಂದು ನೀರು ಯಾಕೆ ಬರುತ್ತಿದೆ, ಅದೊಂದು ತಿಳಿಯುತ್ತಿಲ್ಲ ಎಂದರು.

ಅಲ್ಲಿಯವರೆಗೆ ಬೇರೆ ಬೇರೆ ಮೂಲೆಯಲ್ಲಿದ್ದ ಎರಡು ವಿಷಯಗಳು ಆಗ ಒಂದಾದವು. ಬದುವಿನ ಮೇಲೆ ಕೂತು ಜೊಲ್ಲು ಉಗುಳುತ್ತಿದ್ದ ಹೊಸ ಆಳುಗಳು ನನ್ನ ಕಣ್ಣ ಮುಂದೆ ಬಂದರು. ಬಂದ ತಕ್ಷಣ ಹೇಳಿದೆ ಎಂದು ಬರೆಯಬೇಕೆನ್ನಿಸುತ್ತದೆ. ತಕ್ಷಣ ಹೇಳಲಿಲ್ಲ. ಡಾಕ್ಟರು ಚೀಟಿ ಮುಗಿಸಿ, ಸಹಿ ಮಾಡಿ, ಅದನ್ನು ಮಡಚುವ ತನಕ ಸುಮ್ಮನಿದ್ದೆ. ಅಷ್ಟು ಹೊತ್ತು ನನ್ನ ಮನಸ್ಸು ಮಾಡುತ್ತಿದ್ದ ಲೆಕ್ಕ ಇದು: ಮಿರಜಕ್ಕೆ ಹೋದರೆ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ತಂಬಾಕಿನ ಮಾತೇ ಬರುವುದಿಲ್ಲ. ಆದರೆ ಪುಡಿ ಗಾಯದೊಳಗೇ ಇತ್ತು. ಇನ್ನೂ ಒಂದೂವರೆ ತಾಸು ದಾರಿಯುದ್ದಕ್ಕೂ ಅದು ಏರುತ್ತಲೇ ಇರುತ್ತದೆ. ಆ ಮಗು ಎಷ್ಟಿದ್ದಾಳೆ? ಒಂದು ಕೈಯಲ್ಲಿ ಎತ್ತಬಹುದು.

"ಡಾಕ್ಟರ್, ಅದು ಮಣ್ಣಲ್ರಿ," ಎಂದೆ. "ನಾ ತಂಬಾಕ ಒತ್ತೇನಿ. ಎರಡ ಸಲ."

ಡಾಕ್ಟರು ಬ್ಯಾಂಡೇಜ್ ಬಟ್ಟೆ ಎತ್ತಿ, ಬಗ್ಗಿ, ಗಾಯ ಮೂಸಿ ನೋಡಿದರು. ಆಮೇಲೆ ದೊಡ್ಡ ಸಿರಿಂಜಿನಲ್ಲಿ ಸಲೈನ್ ತುಂಬಿ ತೊಳೆಯಲು ಶುರು ಮಾಡಿದರು. ಕೆಳಗೆ ಹಿಡಿದ ಟ್ರೇಯಲ್ಲಿ ಚಹಾದ ಬಣ್ಣದ ನೀರು ನಿಂತಿತು. ನನ್ನ ಕಡೆ ನೋಡದೆ ಹೇಳಿದರು:

"ಈ ಸೀಜನ್ನಿನಾಗ ಹಿಂಗ ತಂಬಾಕ ತುಂಬ್ಕೊಂಡು ಭಾಳ ಮಂದಿ ಬರ್ತಾರ್ರಿ ಮೇಡಂ. ಅವ್ರೇನ ಸಾಲಿ ಕಲ್ತವ್ರಲ್ಲ. ಆದ್ರ ಬಂದ ಕೂಡ್ಲೆ ಹೇಳ್ತಾರ."

ತಮ್ಮನ ಹೆಂಡತಿ ಮಗುವಿನ ಎರಡೂ ಕೈ ಹಿಡಿದುಕೊಂಡಿದ್ದಳು. ನನ್ನ ಮುಖ ನೋಡಲಿಲ್ಲ.

ತೊಳೆದು ಮುಗಿದ ಮೇಲೂ ಮುಗಿಯಲಿಲ್ಲ. ತಂಬಾಕು ಏರಿದ್ದರೆ ತಾಸೆರಡು ತಾಸಿನಲ್ಲಿ ಇಳಿಯುತ್ತದೆ, ತಲೆಯೊಳಗೆ ಪೆಟ್ಟಾಗಿದ್ದರೆ ಅಷ್ಟು ಹೊತ್ತು ಕಾಯುವುದೇ ತಪ್ಪು, ವಾಂತಿ ಎರಡಕ್ಕೂ ಆಗುತ್ತದೆ ಎಂದು ಡಾಕ್ಟರು ವಿವರಿಸಿದರು. ಕಾಯಬೇಕೋ ಹೊರಡಬೇಕೋ ಎಂಬುದು ಬಿದ್ದ ಗಳಿಗೆಯಲ್ಲಿ ಮಗುವಿಗೆ ಎಚ್ಚರ ತಪ್ಪಿತ್ತೇ ಎಂಬುದರ ಮೇಲೆ ನಿಂತಿತ್ತು. ಅವರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಈ ಸಲ ನಿಧಾನವಾಗಿ ಕೇಳಿದರು. ಕೂಡಲೇ ಅತ್ತಳು ಎಂದು ಹೇಳಿದ್ದಿರಿ. ನೀವು ನೋಡಿದಿರಾ?

"ಇಲ್ರಿ. ನಾ ಫೋನ್ ನೋಡಾಕತ್ತಿದ್ದೆ."

ಆಗ ತಮ್ಮನ ಹೆಂಡತಿ ತಲೆ ಎತ್ತಿ ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನೋಡಿದ್ದು ನಾನು ಇನ್ನೂ ಏನೇನು ಹೇಳಿಲ್ಲ ಎಂದು ಹುಡುಕುವವಳ ಹಾಗೆ. ಆಮೇಲೆ ಕೇಳಿದಳು, "ಮತ್ತ್ ಯಾರ್ ನೋಡ್ಯಾರ್ರಿ ಅಕ್ಕಾರ?"

ಹೊಲದ ಹಿರಿಯಳ ಹತ್ತಿರ ಬಟನ್ ಫೋನು ಇದೆ. ಅದು ಅವಳ ಬುತ್ತಿಯ ಚೀಲದಲ್ಲಿರುತ್ತದೆ, ಚೀಲ ಮರಕ್ಕೆ ತೂಗುಬಿದ್ದಿರುತ್ತದೆ. ಮೊದಲ ಸಲ ಹಚ್ಚಿದಾಗ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮಗು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚುತ್ತಿದ್ದಳು, ಅವಳ ತಾಯಿ ಕೆನ್ನೆ ತಟ್ಟುತ್ತಿದ್ದಳು. ಮೂರನೆಯ ಸಲ ಹಿರಿಯಳು ಫೋನು ಎತ್ತಿದಳು. ಡಾಕ್ಟರು ಸ್ಪೀಕರ್ ಹಾಕಿ ಎಂದರು. ಹಾಕಿದೆ. ಕೂಸು ಹೇಗಿದ್ದಾಳೆ ಎಂದು ಅವಳು ಮೂರು ಸಲ ಕೇಳಿದ ಮೇಲೆ ನಮ್ಮ ಪ್ರಶ್ನೆ ಅವಳ ಕಿವಿಗೆ ಬಿತ್ತು.

"ನಾ ನೋಡೇನಲ್ರಿ," ಎಂದಳು. "ಕಾಲ್ ಜಾರಿ ಕುಂಡಿ ಮ್ಯಾಲ ಬಿತ್ರಿ ಮದ್ಲ, ಆಮ್ಯಾಲ ಮಾರಿ ಕಲ್ಲಿಗಿ ಬಡೀತು. ಬಡದ ಕೂಡ್ಲೆ ಚೀರಿದ್ಲರಿ, ಒಂದ ಉಸರಿನಷ್ಟ ಸೈತ ತಡಾ ಆಗಲಿಲ್ಲ. ಹೊಲಾ ಎಲ್ಲಾ ಕೇಳಿತು."

ಡಾಕ್ಟರು ಚೀಟಿಯನ್ನು ಮೇಜಿನ ಮೇಲಿಟ್ಟರು. ನಾನು ಫೋನು ಇಡಬೇಕಿತ್ತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು: "ನಾ ಅಂದಿದ್ನೆಲ್ರಿ ಬಾಯಾರ, ತಂಬಾಕ ಬ್ಯಾಡ್ರಿ, ಕೂಸು ಸಣ್ಣದೈತಿ, ನೀರ್ ಹಾಕ್ರಿ ಅಂತ. ನೀವ ಕೇಳಲಿಲ್ಲ. ಬಗ್ಗಿ ಮುಟಗಿ ತುಂಬ ತಗೊಂಡ್ರಿ."

ಸೆರಗಿನಲ್ಲಿ ಪುಡಿ ತಂದು ಮುಂದೆ ಹಿಡಿದ ಅವಳ ಕೈ ನನಗೆ ಇವತ್ತಿಗೂ ಕಾಣುತ್ತದೆ. ಬೆರಳಿನ ಸಂದಿಯ ಕಪ್ಪು ಕೂಡ ಕಾಣುತ್ತದೆ. ಅವಳು ಹೇಳುವ ಪ್ರಕಾರ ಅಂಥ ಕೈ ಇರಲೇ ಇಲ್ಲ. ಈ ಎರಡು ವರ್ಷದಲ್ಲಿ ಅವಳನ್ನು ಮತ್ತೆ ಕೇಳಿ ನೋಡಬಹುದಿತ್ತು. ಕೇಳಿಲ್ಲ. ಬೀಳುವುದನ್ನು ಅಷ್ಟು ಸರಿಯಾಗಿ ನೋಡಿದವಳು ಇದನ್ನು ತಪ್ಪಾಗಿ ನೋಡಿರಲು ಕಾರಣ ಕಾಣುವುದಿಲ್ಲ. ನನಗೆ ತಪ್ಪಾಗಿ ನೆನಪಿರಲು ಕಾರಣ ಬೇಕಾದಷ್ಟು ಇವೆ.

ಕಾಯೋಣ, ಆದರೆ ಗಾಡಿಯೊಂದನ್ನು ಹೊರಗೆ ನಿಲ್ಲಿಸಿಕೊಂಡು ಕಾಯೋಣ ಎಂದರು ಡಾಕ್ಟರು. ಎರಡು ಹೊಲಿಗೆ ಹಾಕಿದರು. ಸೂಜಿ ಚುಚ್ಚಿದಾಗ ಮಗು ಕಿರುಚಿದಳು. ಅದರಲ್ಲಿ ಮಂಕು ಇರಲಿಲ್ಲ. ಆಮೇಲೆ ಮೂರನೆಯ ವಾಂತಿಯಾಯಿತು, ಬರೀ ನೀರು. ಜೀಪಿನವನು ಹೊರಗಿನಿಂದ ಇಣುಕಿ, ಹೊರಡೋಣವೇ ಎಂದು ಕೇಳಿದ. ಡಾಕ್ಟರು ನಾಡಿ ಹಿಡಿದು, ಗಡಿಯಾರ ನೋಡಿ, ಇನ್ನೂ ಅರ್ಧ ತಾಸು ಎಂದರು. ಆ ಅರ್ಧ ತಾಸಿನ ಬಗ್ಗೆ ನನಗೆ ನೆನಪಿರುವುದು ಗೋಡೆಯ ಮೇಲಿನ ಲಸಿಕೆಯ ಪಟ ಮಾತ್ರ. ಯಾವ ತಿಂಗಳಿಗೆ ಯಾವ ಲಸಿಕೆ ಎಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದುತ್ತಿದ್ದೆ. ಆಮೇಲೆ ಜೊಲ್ಲು ನಿಂತಿತು. ತುಟಿಗೆ ಬಣ್ಣ ಬಂತು. ಅವಳು ನಿದ್ದೆ ಹೋದಳು. ಈಗ ಆ ನಿದ್ದೆಯ ಭಯ. ಸ್ವಲ್ಪ ಸ್ವಲ್ಪ ಹೊತ್ತಿಗೆ ಎಬ್ಬಿಸಿ ಮಾತಾಡಿಸಿ ಎಂದರು ಡಾಕ್ಟರು. ಪ್ರತಿ ಸಲ ಎಬ್ಬಿಸುವಾಗ ಕಣ್ಣು ತೆರೆಯುವ ತನಕ ತಮ್ಮನ ಹೆಂಡತಿಯೂ ನಾನೂ ಉಸಿರಾಡುತ್ತಿರಲಿಲ್ಲ.

ಹೊತ್ತು ಇಳಿಯುವಾಗ ಡಾಕ್ಟರೇ ಬಂದು ಎಬ್ಬಿಸಿದರು. ಹೆಸರು ಕೇಳಿದರು, ಹೇಳಿದಳು. ಅಪ್ಪ ಎಲ್ಲಿ ಎಂದರು, ಕಬ್ಬು ಹಾಕಲು ಹೋಗಿದ್ದಾನೆ ಎಂದಳು. ಇವತ್ತು ಏನಾಯಿತು, ಏನು ನೆನಪಿದೆ ಎಂದು ಕೇಳಿದರು. ಮಗು ಸ್ವಲ್ಪ ಯೋಚಿಸಿದಳು. ನಾನು ದಾಂಡಿಯ ಮೇಲಿನ ಆಟದ ಮಾತು ಬರುತ್ತದೆ ಎಂದು ಕಾದೆ.

"ಅತ್ತಿ ಖಾರಾ ಹಚ್ಚಿದ್ಲು," ಎಂದಳು. "ನಾ ಕಚ್ಚೇನಿ."

ಡಾಕ್ಟರು ನಕ್ಕರು. ನೆನಪು ಚೊಲೋ ಇದೆ, ಮನೆಗೆ ಹೋಗಿ, ಇವತ್ತು ನಾಳೆ ಕಣ್ಣಿಟ್ಟಿರಿ, ಮತ್ತೆ ವಾಂತಿಯಾದರೆ ನನ್ನನ್ನು ಕೇಳದೆ ಸೀದಾ ಮಿರಜಕ್ಕೆ ಹೋಗಿ ಎಂದರು. ತಮ್ಮನ ಹೆಂಡತಿ ನಗುತ್ತ ನಗುತ್ತ ಮಗುವಿನ ಹೊಟ್ಟೆಯ ಮೇಲೆ ಮುಖ ಇಟ್ಟಳು. ಬೆನ್ನು ಅಲುಗುವುದು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಮಗು ನನ್ನ ಕೈ ನೋಡಿ ತಾಯಿಯ ಕುತ್ತಿಗೆ ಬಳಸಿದಳು. ಅವರಿಬ್ಬರು ಜೀಪಿನಲ್ಲಿ ಹೋದರು, ನಾನು ಹಿಂದೆ ಸ್ಕೂಟಿಯಲ್ಲಿ.

ಮನೆ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಜೈನರ ನೇಮದಂತೆ ಅವಳು ದಿನಾ ಹೊತ್ತು ಇದ್ದಾಗಲೇ ಉಣ್ಣುವವಳು, ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಬಡಿಸಿಕೊಂಡ ತಾಟು ಒಳಗೆ ಹಾಗೇ ಮುಚ್ಚಿತ್ತು. ಇನ್ನು ಬೆಳಗಿನ ತನಕ ಇಲ್ಲ.

ಅವ್ವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಣೆಯ ಪಟ್ಟಿಯ ಸುತ್ತ ಬೆರಳಾಡಿಸಿದಳು. ಏನಾಗಿತ್ತು ಎಂದು ನಮ್ಮಿಬ್ಬರನ್ನೂ ಕೇಳಿದಳು. ತಮ್ಮನ ಹೆಂಡತಿ ಚಪ್ಪಲಿ ಬಿಡುತ್ತ ನನ್ನ ಕಡೆ ನೋಡಿದಳು. ನನಗಾಗಿ ಜಾಗ ಬಿಟ್ಟಂತೆ. ಆದರೆ ಮಗುವೇ ಮೊದಲು ಬಾಯಿ ತೆರೆದಳು. ಅತ್ತಿ ಖಾರಾ ಹಚ್ಚಿದ್ಲು ಎಂದು ಅವ್ವನಿಗೂ ಹೇಳಿದಳು.

ಹುಡುಗರು ಹೇಳುವುದೆಲ್ಲ ಸುಳ್ಳು ಎಂಬಂತೆ ಅವ್ವ ನಗುತ್ತ ನನ್ನ ಕಡೆ ತಿರುಗಿದಳು. ನಕ್ಕು ತೇಲಿಸಿಬಿಡುವುದಕ್ಕೆ ನನಗೂ ಒಂದು ಗಳಿಗೆ ಸಿಕ್ಕಿತ್ತು.

"ಹೌದವ್ವಾ," ಎಂದೆ. "ನಾನ ಹಚ್ಚಿದೆ. ಖಾರ ಅಲ್ಲ, ತಂಬಾಕ. ಬ್ಯಾಡ ಅಂದ್ರೂ ಹಚ್ಚಿದೆ."